ಬೀಗ ಬಿದ್ದ ತಿಂಗಳ ಲೆಕ್ಕ

ಸೊಲ್ಲಾಪುರದಿಂದ ಬರುವ ಬಸ್ಸು ಧೂಳಖೇಡದ ಬಳಿ ಭೀಮಾ ನದಿ ದಾಟಿ ಕರ್ನಾಟಕಕ್ಕೆ ಬಂದ ಮೇಲೆ, ವಿಜಯಪುರ ಮುಟ್ಟುವ ಮೊದಲು ಒಂದು ದೊಡ್ಡ ಕ್ರಾಸಿನಲ್ಲಿ ನಿಲ್ಲುತ್ತದೆ. ಅದು ಝಳಕಿ. ಪಂಜಾಬಿನ ಸಂಗ್ರೂರಿನಿಂದ ನಮ್ಮ ಅಂಕೋಲೆಯವರೆಗೆ ಬರುವ ರಾಷ್ಟ್ರೀಯ ಹೆದ್ದಾರಿ 52 ಈ ಊರಿನ ಮಗ್ಗುಲಲ್ಲೇ ಹಾಯ್ದಿದೆ. ಹಳಬರಿಗೆ ಅದು ಈಗಲೂ ಹದಿಮೂರನೇ ನಂಬರಿನ ರೋಡೇ. ಇಂಡಿಯಿಂದ ಚಡಚಣಕ್ಕೆ ಹೋಗುವವರೂ ಇದೇ ಕ್ರಾಸನ್ನು ದಾಟಬೇಕು. ಒಂದು ಕಡೆ ಲಿಂಬೆಯ ಇಂಡಿ, ಇನ್ನೊಂದು ಕಡೆ ಬಟ್ಟೆ ವ್ಯಾಪಾರಕ್ಕೆ ಹೆಸರಾದ ಚಡಚಣ, ಉತ್ತರಕ್ಕೆ ಸೊಲ್ಲಾಪುರ, ದಕ್ಷಿಣಕ್ಕೆ ವಿಜಯಪುರ. ನಾಲ್ಕು ದಾರಿ ಕೂಡುವಲ್ಲಿ ಮೊದಲು ಚಹಾದಂಗಡಿ ಬರುತ್ತದೆ, ಆಮೇಲೆ ಪಂಕ್ಚರ್ ಅಂಗಡಿ, ಆಮೇಲೆ ಬಾಡಿಗೆ ಮನೆ.

ಒಂದು ಕಾಲಕ್ಕೆ ಈ ಸೀಮೆಯ ಹಳ್ಳಿಗಳಲ್ಲಿ ಬಾಡಿಗೆ ಅಂದರೆ ಎತ್ತಿನ ಬಂಡಿಯದು, ಟ್ರ್ಯಾಕ್ಟರಿನದು. ಮನೆಗೆ ಬಾಡಿಗೆ ತೆಗೆದುಕೊಳ್ಳುವುದೆಂದರೆ ಒಂಥರಾ ಸಂಕೋಚ. ಪರವೂರಿನ ಮಾಸ್ತರರು ಬಂದರೆ ಗುಡಿಯ ಬದಿಯ ಕೋಣೆಯೋ ಗೌಡರ ವಾಡೆಯ ಹೊರಪಡಸಾಲೆಯೋ ಪುಕ್ಕಟೆ ಸಿಗುತ್ತಿತ್ತು. ಹಬ್ಬಕ್ಕೆ ಹೋಳಿಗೆಯೂ ಬರುತ್ತಿತ್ತು. ಈಗ ಹಾಗಿಲ್ಲ. ಶಾಲೆಯ ಶಿಕ್ಷಕರು, ಬ್ಯಾಂಕಿನ ಕ್ಲಾರ್ಕು, ಠಾಣೆಯ ಕಾನ್‌ಸ್ಟೆಬಲ್, ಹೆಸ್ಕಾಂ ಲೈನ್‌ಮನ್, ಆಸ್ಪತ್ರೆಯ ನರ್ಸು, ಗ್ಯಾರೇಜಿನ ಮೆಕ್ಯಾನಿಕ್ಕು, ಫರಸಿ ಕೂರಿಸಲು ಉತ್ತರದ ರಾಜ್ಯಗಳಿಂದ ಬಂದ ಹುಡುಗರು, ಮಕ್ಕಳ ಸಾಲಿಗಾಗಿ ತೋಟದ ವಸ್ತಿ ಬಿಟ್ಟು ಕ್ರಾಸಿಗೆ ಬಂದ ರೈತರು, ಇಷ್ಟೂ ಮಂದಿಗೆ ಮನೆ ಬೇಕು. ಮನೆ ಕೊಡುವವರು ಯಾರು? ದೊಡ್ಡ ಬಿಲ್ಡರು ಇಲ್ಲಿಗೆ ಬರುವುದಿಲ್ಲ. ಲಿಂಬೆ ಮಾರಿದ ದುಡ್ಡೋ, ನಿವೃತ್ತಿಯ ಇಡಿಗಂಟೋ, ಭಿಸಿ ಚೀಟಿ ಎತ್ತಿದ ಹಣವೋ ಸೇರಿಸಿ ತಮ್ಮ ಮನೆಯ ಮಗ್ಗುಲಿಗೆ ಎರಡು ಮನೆ, ಮೇಲೆ ಒಂದು ಮನೆ, ರೋಡಿಗೆ ಮುಖಮಾಡಿ ಒಂದು ಅಂಗಡಿ ಗಾಳೆ ಕಟ್ಟಿಸಿದ ಸಣ್ಣ ಮಾಲಕರು.

ಇವರಿಗೆ ಏಜೆಂಟರಿಲ್ಲ, ಮ್ಯಾನೇಜರಿಲ್ಲ. ಮನೆ ತೋರಿಸುವುದು, ಬಾಡಿಗೆ ವಸೂಲು, ಮೋಟರು ಸುಟ್ಟರೆ ವೈಂಡಿಂಗಿಗೆ ಒಯ್ಯುವುದು, ಜಗಳ ಬಿಡಿಸುವುದು, ಎಲ್ಲಕ್ಕೂ ಮಾಲಕನೇ. ಹಲವು ಕಡೆ ಮಾಲಕನಲ್ಲ, ಮಾಲಕನ ಹೆಂಡತಿ. ಯಜಮಾನರು ಹೊಲದಲ್ಲಿ ಇರುವಾಗ ಮನೆ ಕೇಳಿಕೊಂಡು ಬಂದವರಿಗೆ ಕೀಲಿ ತೆಗೆದು ತೋರಿಸುವವರು ಅವರು, ನೀರು ಬಿಡುವವರು ಅವರು, ಐದನೇ ತಾರೀಖಿಗೆ ಬಾಗಿಲು ಬಡಿದು ನೆನಪು ಮಾಡುವವರೂ ಅವರೇ. ಉತಾರದಲ್ಲಿ ಮಾತ್ರ ಗಂಡನ ಹೆಸರು.

ಮನೆ ಬಾಡಿಗೆಗೆ ಕೊಟ್ಟವರ ಹತ್ತಿರ ಕೂತು ಮಾತು ತೆಗೆದರೆ ಮೊದಲು ಬರುವುದು ಕೆಟ್ಟ ಬಾಡಿಗೆದಾರನ ಕಥೆ. ಮೂರು ತಿಂಗಳು ಕೊಡದೆ ರಾತ್ರೋರಾತ್ರಿ ಗಂಟುಮೂಟೆ ಕಟ್ಟಿದವನು, ಗೋಡೆಗೆಲ್ಲ ಮೊಳೆ ಹೊಡೆದವನು, ಖಾಲಿ ಮಾಡು ಎಂದರೆ ತಿರುಗಿ ಬಿದ್ದವನು. ಅಂಥವರು ಇಲ್ಲವೆಂದಲ್ಲ. ಆದರೆ ಸಣ್ಣ ಮಾಲಕನ ನಿಜವಾದ ನಷ್ಟ ಎಲ್ಲಿದೆ ಎಂದು ಕಾಗದದ ಮೇಲೆ ಬರೆದು ನೋಡಿದರೆ ಕಥೆ ಬೇರೆಯೇ ಆಗುತ್ತದೆ.

ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ. ಇದ್ದ ಜಾಗದಲ್ಲೇ ಎರಡು ಸಣ್ಣ ಮನೆ ಕಟ್ಟಲು 12 ಲಕ್ಷ ರೂಪಾಯಿ ಹೋಯಿತು. ಒಂದೊಂದಕ್ಕೆ ತಿಂಗಳಿಗೆ 3,500 ಬಾಡಿಗೆ. ಎರಡೂ ಸೇರಿ ವರ್ಷಕ್ಕೆ 84,000. ಎರಡೂ ಮನೆ ವರ್ಷದಲ್ಲಿ ಒಂದು ತಿಂಗಳು ಖಾಲಿ ಬಿದ್ದವು ಅನ್ನಿ, 77,000 ಉಳಿಯಿತು. ಸುಣ್ಣ ಬಣ್ಣ, ಪಂಚಾಯಿತಿ ಕರ, ಮೋಟರು, ನಲ್ಲಿ ಎಂದು ವರ್ಷಕ್ಕೆ 12,000 ತೆಗೆಯಿರಿ. ಕೈಗೆ ಬಂದದ್ದು 65,000. ಹಾಕಿದ ಬಂಡವಾಳದ ಮೇಲೆ ಇದು ಶೇಕಡ ಐದೂವರೆಯೂ ಇಲ್ಲ. ಜಾಗದ ಬೆಲೆಯನ್ನು ಇದರಲ್ಲಿ ಹಿಡಿದೇ ಇಲ್ಲ. ಅದೇ 12 ಲಕ್ಷವನ್ನು ಶೇಕಡ 9ರ ಸಾಲ ತಂದು ಕಟ್ಟಿಸಿದ್ದರೆ ಮೊದಲ ವರ್ಷದ ಬಡ್ಡಿಯೇ ಹೆಚ್ಚು ಕಡಿಮೆ 1,08,000. ಬಾಡಿಗೆ ಬಡ್ಡಿಗೂ ಸಾಲುವುದಿಲ್ಲ. ಹಾಗಾಗಿ ಬಾಡಿಗೆಗೆಂದೇ ಸಾಲ ಮಾಡಿ ಮನೆ ಕಟ್ಟಿಸುತ್ತೇನೆ ಎನ್ನುವವರಿಗೆ ಬೇಡ ಎಂದು ಹೇಳುವುದೇ ಲೇಸು. ಕೈಯಲ್ಲಿ ಇದ್ದ ದುಡ್ಡಾದರೆ ಮಾತು ಬೇರೆ. ಮನೆ ಉಳಿಯುತ್ತದೆ, ಬಾಡಿಗೆ ನಿಧಾನಕ್ಕೆ ಏರುತ್ತದೆ, ಮಗಳ ಮದುವೆಗೋ ಮಗ ಊರಿಗೆ ಮರಳಿ ಬಂದಾಗಲೋ ಆಸರೆಯಾಗುತ್ತದೆ.

ಇನ್ನೊಂದು ಸಣ್ಣ ಲೆಕ್ಕ. 3,500 ಕೊಡುತ್ತಿದ್ದ ಒಳ್ಳೆಯ ಬಾಡಿಗೆದಾರನಿಗೆ ಮಾಲಕ ಒಮ್ಮೆಲೇ 300 ಏರಿಸಿದ. ಅವನು ಬಿಟ್ಟು ಹೋದ. ಮನೆ ಒಂದೇ ಒಂದು ತಿಂಗಳು ಖಾಲಿ ಇದ್ದು ಹೊಸಬ 3,800ಕ್ಕೆ ಬಂದ. ವರ್ಷದ ಕೊನೆಗೆ ಮಾಲಕನಿಗೆ ಸಿಕ್ಕಿದ್ದು 41,800. ಏರಿಸದೆ ಸುಮ್ಮನಿದ್ದಿದ್ದರೆ 42,000. ಸುಣ್ಣದ ಖರ್ಚು ಬೇರೆ. ಒಂದು ತಿಂಗಳ ಬೀಗ ಇಡೀ ವರ್ಷದ ಏರಿಕೆಯನ್ನು ತಿಂದು ಹಾಕಿತು. ಝಳಕಿಯಂಥ ಊರಲ್ಲಿ ಜೂನ್ ತಿಂಗಳು ತಪ್ಪಿದರೆ ಮನೆ ಒಂದೇ ತಿಂಗಳಲ್ಲಿ ಹೋಗುವ ಭರವಸೆಯೂ ಇಲ್ಲ. ವರ್ಗಾವಣೆಯಾದವರು, ಸಾಲಿಗೆ ಮಕ್ಕಳನ್ನು ಹಾಕುವವರು ಮೇ, ಜೂನ್‌ನಲ್ಲಿ ಮನೆ ಹುಡುಕುತ್ತಾರೆ. ಆಮೇಲೆ ಬರುವವರು ವಿರಳ. ಸಣ್ಣ ಮಾಲಕನನ್ನು ಸೋಲಿಸುವುದು ಬಾಡಿಗೆದಾರನಿಗಿಂತ ಹೆಚ್ಚಾಗಿ ಖಾಲಿ ಬಾಗಿಲಿಗೆ ಬಿದ್ದ ಬೀಗ. ಆ ಬೀಗ ಬೀಳುವುದಕ್ಕೆ ಅರ್ಧ ಕಾರಣ ಮಾಲಕನ ರೂಢಿಗಳೇ ಎಂಬುದು ನನ್ನ ವಾದ.

ಮೊದಲನೆಯದು ಕಾಗದದ ಭಯ. ಈ ಕಡೆ ಬಾಡಿಗೆ ಬಹುಪಾಲು ಬಾಯಿಮಾತಿನದು. ಒಂದೆರಡು ತಿಂಗಳ ಡಿಪಾಜಿಟ್ಟು, ‘ತಿಂಗಳ ಐದರೊಳಗ ಕೊಡ್ರಿ’ ಎಂಬ ಮಾತು, ಮುಗಿಯಿತು. ಬರೆದುಕೊಳ್ಳಿ ಎಂದರೆ ‘ಕಾಗದ ಮಾಡಿದ್ರ ಮನಿ ಅವಂದ ಆಗ್ತದ’ ಎನ್ನುತ್ತಾರೆ. ಈ ಭಯಕ್ಕೆ ಒಂದು ಇತಿಹಾಸವಿದೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿದಾರನನ್ನು ಹೊಲದ ಒಡೆಯನನ್ನಾಗಿ ಮಾಡಿತು. ಏಳನೇ ನಂಬರಿನ ಫಾರ್ಮು ತುಂಬಿ ಭೂನ್ಯಾಯ ಮಂಡಳಿಯ ಮುಂದೆ ನಿಂತವರ ಮೊಮ್ಮಕ್ಕಳು, ಹೊಲ ಕಳೆದುಕೊಂಡವರ ಮೊಮ್ಮಕ್ಕಳು ಒಂದೇ ಊರಿನಲ್ಲಿದ್ದಾರೆ. ಆ ನೆನಪು ಹೊಲದಿಂದ ಮನೆಗೂ ಬಂದು ಕೂತಿದೆ. ಆದರೆ ಆ ಕಾಯ್ದೆ ಸಾಗುವಳಿ ಭೂಮಿಯದು. ಕ್ರಾಸಿನ ಬಾಡಿಗೆ ಮನೆಗೂ ಅದಕ್ಕೂ ಸಂಬಂಧವಿಲ್ಲ.

ಎರಡನೇ ಭಯ ಹನ್ನೆರಡು ವರ್ಷದ್ದು. ಹನ್ನೆರಡು ವರ್ಷ ಇದ್ದರೆ ಮನೆ ಬಾಡಿಗೆದಾರನದಾಗುತ್ತದೆ ಎಂಬ ನಂಬಿಕೆ ಝಳಕಿಯಲ್ಲಷ್ಟೇ ಅಲ್ಲ, ಬೆಂಗಳೂರಿನಲ್ಲೂ ಇದೆ. 1963ರ ಕಾಲಮಿತಿ ಕಾಯ್ದೆಯಲ್ಲಿ ಹನ್ನೆರಡು ವರ್ಷದ ಮಾತು ಇರುವುದು ನಿಜ. ಆದರೆ ಅದು ಮಾಲಕನ ಹಕ್ಕನ್ನು ಧಿಕ್ಕರಿಸಿ, ಇದು ನನ್ನದೇ ಎಂದು ಬಹಿರಂಗವಾಗಿ ಕೂತವನಿಗೆ. ಬಾಡಿಗೆ ಕೊಟ್ಟು ಇರುವವನು ಮಾಲಕನ ಒಪ್ಪಿಗೆಯಿಂದ ಇರುವವನು. ಮನೆಯೊಳಕ್ಕೆ ಬಿಟ್ಟುಕೊಂಡವನ ಮಾಲಕತ್ವವನ್ನೇ ಬಾಡಿಗೆದಾರ ಅಲ್ಲಗಳೆಯುವಂತಿಲ್ಲ ಎಂದು ಸಾಕ್ಷ್ಯದ ಕಾನೂನೂ ಹೇಳುತ್ತದೆ. ಹಾಗಾದರೆ ಅವನು ಬಾಡಿಗೆದಾರ ಎಂದು ತೋರಿಸುವುದು ಯಾವುದು? ಅದೇ ಕಾಗದ, ಅದೇ ಪಾವತಿ. ಅಂದರೆ ಮನೆ ಕೈಬಿಡುತ್ತದೆ ಎಂದು ಹೆದರಿ ಯಾವ ಕಾಗದವನ್ನು ಬರೆಯುವುದಿಲ್ಲವೋ ಮಾಲಕನನ್ನು ಕಾಯುವುದು ಆ ಕಾಗದವೇ. ಈ ತಿರುವು ಮುರುವನ್ನು ಎಷ್ಟು ಹೇಳಿದರೂ ಹಿರಿಯರು ತಲೆ ಅಲ್ಲಾಡಿಸಿ ಸುಮ್ಮನಾಗುತ್ತಾರೆ, ಕಾಗದ ಮಾತ್ರ ಮಾಡುವುದಿಲ್ಲ.

ಕಾಗದ ಏನು ಮಹಾ? 1882ರ ಸ್ವತ್ತು ವರ್ಗಾವಣೆ ಕಾಯ್ದೆ ಈಗಲೂ ಇದಕ್ಕೆ ಆಧಾರ. ಒಂದು ವರ್ಷ ಮೀರಿದ ಲೀಸಿಗೆ ನೋಂದಣಿ ಬೇಕು. ಅದಕ್ಕೇ ಎಲ್ಲ ಕಡೆ 11 ತಿಂಗಳ ಕರಾರು. ಬರೆದದ್ದು ಏನೂ ಇಲ್ಲದಿದ್ದರೆ ಮನೆ ಬಾಡಿಗೆಯನ್ನು ತಿಂಗಳಿಂದ ತಿಂಗಳಿಗೆ ಎಂದು ಕಾನೂನು ಹಿಡಿಯುತ್ತದೆ. ಬಿಡಿಸಲು 15 ದಿನದ ಲಿಖಿತ ನೋಟಿಸು ಬೇಕು. ಇ-ಸ್ಟಾಂಪು ಸಿಗುವುದೂ ಕಷ್ಟವಲ್ಲ. ಬಾಡಿಗೆ ಎಷ್ಟು, ಡಿಪಾಜಿಟ್ಟು ಎಷ್ಟು, ಮೀಟರು ಓದು ಎಷ್ಟಕ್ಕಿತ್ತು, ವರ್ಷಕ್ಕೆ ಎಷ್ಟು ಏರಿಕೆ, ಬಿಡುವ ಮುಂಚೆ ಎಷ್ಟು ದಿನ ತಿಳಿಸಬೇಕು, ಸುಣ್ಣ ಯಾರದು, ಮೋಟರು ಯಾರದು. ಇಷ್ಟು ಬರೆದು ಇಬ್ಬರೂ ಸಹಿ ಮಾಡಿ ಇಬ್ಬರು ಸಾಕ್ಷಿ ಹಾಕಿಸಿದರೆ ಮುಂದಿನ ಮುಕ್ಕಾಲು ಜಗಳ ಹುಟ್ಟುವುದೇ ಇಲ್ಲ. ಗಡಿ ಹತ್ತಿರದ ಊರು, ಹಾದು ಹೋಗುವ ಮಂದಿ ಬಹಳ. ಹೊಸಬರ ಆಧಾರ್ ಪ್ರತಿಯೊಂದಿಗೆ ಕರಾರಿನ ಒಂದು ಝೆರಾಕ್ಸನ್ನು ಝಳಕಿ ಠಾಣೆಗೆ ಕೊಟ್ಟರೆ ಮಾಲಕನ ತಲೆಬೇನೆ ಅಷ್ಟು ಕಡಿಮೆ.

‘ಬಾಡಿಗೆ ಕಾಯ್ದೆ ಅಂತ ಬೇರೆ ಇದೆಯಲ್ಲ’ ಎಂದು ಓದಿಕೊಂಡವರು ಕೇಳುತ್ತಾರೆ. ಇದೆ, ಅದರ ಕಥೆಯೂ ಉದ್ದ. ವಿಜಯಪುರ ಮುಂಬೈ ಪ್ರಾಂತ್ಯದಲ್ಲಿದ್ದಾಗ ಅಲ್ಲಿಯ 1947ರ ಬಾಡಿಗೆ ನಿಯಂತ್ರಣ ಕಾಯ್ದೆ ಇತ್ತು. ಏಕೀಕರಣದ ನಂತರ 1961ರ ನಮ್ಮ ಕಾಯ್ದೆ ಬಂತು. ಅದನ್ನು ತೆಗೆದು 2001ರ ಡಿಸೆಂಬರ್ 31ರಿಂದ ಕರ್ನಾಟಕ ಬಾಡಿಗೆ ಕಾಯ್ದೆ, 1999 ಜಾರಿಯಾಯಿತು. ಆ ಕಾಯ್ದೆಯೇ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಉಳಿದ ಕಡೆ 2,000 ರೂಪಾಯಿ ಮೀರಿದ ಬಾಡಿಗೆಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಇಪ್ಪತ್ತು ವರ್ಷಕ್ಕೂ ಹಿಂದಿನ ಆ ಮಿತಿಯೊಳಗೆ ಇವತ್ತು ಎಷ್ಟು ಮನೆ ಬರುತ್ತವೆ ಎಂಬುದನ್ನು ನೀವೇ ನೋಡಿ. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಡಿಪಾಜಿಟ್ಟು ಬೇಡ ಎನ್ನುತ್ತದೆ. ಬೆಂಗಳೂರಿನ ಮಾಲಕರಿಗೆ ಅದು ಕಹಿ ಗುಳಿಗೆ, ಝಳಕಿಯವರು ಮೊದಲಿನಿಂದಲೂ ಅಷ್ಟನ್ನೇ ತೆಗೆದುಕೊಳ್ಳುತ್ತಿದ್ದಾರೆ.

ಪಾವತಿಯ ವಿಷಯ. ‘ಈ ತಿಂಗಳ ಪಗಾರ ಆಗಿಲ್ರಿ ಕಾಕಾ, ಮುಂದಿನ ತಿಂಗಳ ಕೂಡಿಸಿ ಕೊಡ್ತೀನಿ’ ಎಂದಾಗ ‘ಆಗ್ಲಿ ತಮ್ಮಾ’ ಎನ್ನದ ಮಾಲಕ ಇಲ್ಲಿ ಕಡಿಮೆ. ಕಾಕಾ ಎಂದ ಮೇಲೆ ಲೆಕ್ಕ ಕೇಳುವುದು ಹೇಗೆ? ನಗದು ಕೊಟ್ಟವನಿಗೆ ಪಾವತಿ ಚೀಟಿ ಇಲ್ಲ, ಕೊಡದವನ ಹೆಸರಿಗೆ ಬರಹ ಇಲ್ಲ. ಆರು ತಿಂಗಳ ಮೇಲೆ ಒಬ್ಬ ‘ಎರಡು ತಿಂಗಳದ್ದು ಬಾಕಿ’ ಎನ್ನುತ್ತಾನೆ, ಇನ್ನೊಬ್ಬ ‘ದಸರಾದಾಗ ಕೊಟ್ಟೇನಲ್ರಿ’ ಎನ್ನುತ್ತಾನೆ. ಇಬ್ಬರೂ ಸುಳ್ಳರಲ್ಲ, ಇಬ್ಬರಿಗೂ ನೆನಪಿಲ್ಲ. ಫೋನ್‌ಪೇ ಬಂದ ಮೇಲೆ ಈ ಜಗಳ ಬಹಳ ಇಳಿದಿದೆ. ಮೊಬೈಲಿನಲ್ಲಿ ತಾರೀಖು ಸಹಿತ ಉಳಿಯುತ್ತದೆ. ನಗದೇ ಬೇಕೆನ್ನುವವರು ಕಿರಾಣಿ ಅಂಗಡಿಯಲ್ಲಿ ಸಿಗುವ ಒಂದು ಪಾವತಿ ಪುಸ್ತಕ ಇಟ್ಟರೆ ಸಾಕು. ಬಾಕಿ ಬಾಡಿಗೆಯನ್ನು ಕೋರ್ಟಿನಲ್ಲಿ ಕೇಳಲು ಮೂರು ವರ್ಷದ ಕಾಲಮಿತಿ ಇದೆ ಎಂಬುದನ್ನೂ ಮಾಲಕರು ತಿಳಿದಿರಲಿ. ಕಾಕಾ, ತಮ್ಮ ಎಂಬ ಸಂಬಂಧ ಉಳಿಯಬೇಕಾದರೆ ಲೆಕ್ಕ ನಡುವೆ ಬರಬಾರದು, ನಡುವೆ ಬರಬಾರದಾದರೆ ಅದು ಪುಸ್ತಕದಲ್ಲಿರಬೇಕು.

ಕೊಡದವನನ್ನು ಬಿಡಿಸಲು ನೀರು ಬಂದ್ ಮಾಡುವುದು, ಫ್ಯೂಜು ಕೀಳುವುದು, ಸಾಮಾನು ಹೊರಗಿಟ್ಟು ಬೇರೆ ಬೀಗ ಜಡಿಯುವುದು ಈ ಭಾಗದ ಹಳೆಯ ಉಪಾಯ. ಅದು ತಿರುಗಿ ಮಾಲಕನ ಮೇಲೇ ಬೀಳುತ್ತದೆ. ಕಾನೂನು ಮೀರಿ ಹೊರಹಾಕಿಸಿಕೊಂಡವನು, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ಮರಳಿ ಪಡೆಯಬಹುದು. ಮಾಲಕತ್ವ ಯಾರದು ಎಂಬುದನ್ನು ಆ ದಾವೆಯಲ್ಲಿ ಕೇಳುವುದೂ ಇಲ್ಲ. ಕೋಪ ಬಂದ ದಿನ ಇಂಡಿಯ ಒಬ್ಬ ವಕೀಲರಿಗೆ ನೋಟಿಸಿನ ಫೀಸು ಕೊಡುವುದೇ ಅಗ್ಗ.

ಇನ್ನು ಮೀಟರು. ಹಳೆಯ ರೂಢಿ ಏನೆಂದರೆ ಮಾಲಕನ ಮನೆಗೆ ಒಂದೇ ಮೀಟರು, ಬಾಡಿಗೆ ಮನೆಗಳಿಗೆ ಅದರಿಂದಲೇ ವಾಯರು. ಯೂನಿಟ್ಟಿಗೆ ಇಂತಿಷ್ಟು ಎಂದೋ, ಬಲ್ಬಿಗೆ ಇಷ್ಟು ಫ್ಯಾನಿಗೆ ಇಷ್ಟು ಎಂದೋ ವಸೂಲಿ. 2023ರ ಜುಲೈನಿಂದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದು ಈ ರೂಢಿಯನ್ನು ಅಡಿಮೇಲು ಮಾಡಿತು. 200 ಯೂನಿಟ್ಟಿನವರೆಗೆ ಪುಕ್ಕಟೆ. ಆದರೆ 2022–23ರ ತಿಂಗಳ ಸರಾಸರಿಗೆ ಒಂದಿಷ್ಟು ಸೇರಿಸಿ ಬಂದ ಮಿತಿಯೊಳಗೆ. ಬಾಡಿಗೆದಾರರಿಗೂ ಅರ್ಹತೆ ಇದೆ. ಸೇವಾಸಿಂಧು ಜಾಲತಾಣದಲ್ಲಿ ಮೀಟರಿನ ಆರ್‌.ಆರ್‌. ನಂಬರಿಗೆ ತಮ್ಮ ಆಧಾರ್ ಜೋಡಿಸಬೇಕು. ಆದ್ದರಿಂದ ಮೂರು ಸಂಸಾರಕ್ಕೆ ಒಂದೇ ಮೀಟರು ಇದ್ದ ಕಡೆ ಮೂರೂ ಸೇರಿ 200 ದಾಟಿತು, ಪೂರ್ತಿ ಬಿಲ್ಲು ಬಂತು. ಬೇರೆ ಬೇರೆ ಮೀಟರು ಇದ್ದ ಮನೆಗಳಲ್ಲಿ ಬಾಡಿಗೆದಾರನ ಬಿಲ್ಲು ಸೊನ್ನೆ. ಮನೆ ಹುಡುಕಿ ಬರುವವರ ‘ನೀರು ಹೆಂಗ್ರಿ?’ ಎಂಬ ಮೊದಲ ಪ್ರಶ್ನೆಯ ಬೆನ್ನಿಗೇ ಈಗ ‘ಮೀಟರ್ ಬ್ಯಾರೆ ಅದಾವೇನ್ರಿ?’ ಎಂಬುದು ಬರುತ್ತದೆ. ಇಲ್ಲ ಎಂದರೆ ಅವರು ಮುಂದಿನ ಓಣಿಗೆ ಹೋಗುತ್ತಾರೆ. ಹೆಸ್ಕಾಂಗೆ ಅರ್ಜಿ ಹಾಕಿ ಮನೆಗೊಂದು ಮೀಟರು ಮಾಡಿಸಿದ ಖರ್ಚು, ಮನೆ ಖಾಲಿ ಬೀಳದೆ ಉಳಿದ ತಿಂಗಳುಗಳಲ್ಲಿ ವಾಪಸು ಬರುತ್ತದೆ.

ಇದರಲ್ಲೊಂದು ಸಿಕ್ಕೂ ಇದೆ. ಹಿಂದಿನ ಬಾಡಿಗೆದಾರ ವರ್ಗವಾಗಿ ಹೋಗುವಾಗ ತನ್ನ ಆಧಾರ್ ಜೋಡಣೆಯನ್ನು ಬಿಡಿಸದೆ ಹೋದರೆ ಹೊಸಬನಿಗೆ ಆ ಮೀಟರಿನ ಮೇಲೆ ಹೆಸರು ಹಾಕಿಸಲು ಆಗುವುದಿಲ್ಲ. ಬಿಡಿಸುವ ವ್ಯವಸ್ಥೆ ಈಗ ಇದೆ. ಮಾಲಕರು ಡಿಪಾಜಿಟ್ಟು ತಿರುಗಿ ಕೊಡುವ ದಿನ ಕೀಲಿಯ ಜೊತೆ ಇದನ್ನೂ ಕೇಳಬೇಕು. ಮುಂದೆ ಅವನನ್ನು ಬೀದರಿನಲ್ಲೋ ರಾಯಚೂರಿನಲ್ಲೋ ಹುಡುಕುವುದಕ್ಕಿಂತ ಅದು ಸುಲಭ. ಗಾಳೆಗಳಿಗೆ ಗೃಹಜ್ಯೋತಿ ಇಲ್ಲ, ಅವುಗಳ ದರವೇ ಬೇರೆ. ಮನೆಯ ಮೀಟರಿನಿಂದ ಅಂಗಡಿಗೆ ವಾಯರು ಎಳೆದವರು ಲೈನ್‌ಮನ್‌ ಬಂದಾಗಲೆಲ್ಲ ಬಾಗಿಲು ಮುಂದೆ ಮಾಡಿಕೊಂಡು ಕೂರಬೇಕಾಗುತ್ತದೆ.

ನೀರಿನದು ಇನ್ನೂ ಕಠಿಣ. ವಿಜಯಪುರ ಜಿಲ್ಲೆಗೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದು ಸೆಪ್ಟೆಂಬರಿನ ಆಸುಪಾಸು. ಏಪ್ರಿಲ್ ಬಂದರೆ ಬೋರಿನಲ್ಲಿ ಗಾಳಿ. ಬಾಡಿಗೆದಾರರ ನಡುವಿನ ಜಗಳ, ಬಾಡಿಗೆದಾರ ಮಾಲಕರ ಜಗಳ ಎಲ್ಲ ಹುಟ್ಟುವುದು ಒಂದೇ ಟಾಕಿಯಿಂದ. ‘ಅವರ ಮನಿಗೆ ಬೀಗರ ಬಂದಾರ, ಮೂರು ದಿವಸದಿಂದ ನಮಗ ನೀರಿಲ್ಲ’. ಮನೆಗೊಂದು ಸಣ್ಣ ಸಿಂಟ್ಯಾಕ್ಸ್ ಟಾಕಿ ಇಟ್ಟು ತುಂಬಿಸಿ ಬಿಟ್ಟರೆ ಯಾರ ನೀರು ಯಾರು ಖರ್ಚು ಮಾಡಿದರೆಂಬ ಮಾತೇ ಬರುವುದಿಲ್ಲ. ಟ್ಯಾಂಕರು ತರಿಸಿದ ತಿಂಗಳು ಅದರ ದುಡ್ಡನ್ನು ಹೇಗೆ ಹಂಚಬೇಕೆಂದು ಕರಾರಿನಲ್ಲೇ ಬರೆದರೆ ಇನ್ನೂ ಒಳ್ಳೆಯದು. ಇದು ಬೇಸಿಗೆಯಲ್ಲಿ ಮಾತಾಡುವ ವಿಷಯವಲ್ಲ, ಮನೆಗೆ ಬರುವ ದಿನವೇ ಮಾತಾಡಬೇಕಾದದ್ದು.

ನೆಲದ ಗುಣವನ್ನೂ ಮರೆಯಬಾರದು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಿರಿಯುತ್ತದೆ. ಪಾಯ ಗಟ್ಟಿ ಗರಸಿನ ತನಕ ಇಳಿಯದಿದ್ದರೆ ಗೋಡೆಗೂ ಅದೇ ಗತಿ. ಬಾಡಿಗೆಗೆ ತಾನೇ ಎಂದು ಪಾಯದಲ್ಲಿ ಉಳಿಸಿದ ದುಡ್ಡನ್ನು ಪ್ರತಿ ವರ್ಷ ಗವಂಡಿಗೆ ಕೊಟ್ಟು ಗಿಲಾವು ಮಾಡಿಸುತ್ತ ತೀರಿಸುವವರು ಬಹಳ. ಬಿರುಕಿಗೆ ಬಾಡಿಗೆದಾರನ ಮೊಳೆಯೇ ಕಾರಣ ಎಂದು ಡಿಪಾಜಿಟ್ಟಿನಲ್ಲಿ ಮುರಿದುಕೊಳ್ಳುವವರೂ ಇದ್ದಾರೆ. ಅದು ಅನ್ಯಾಯ. ಮನೆ ಕೊಡುವ ದಿನ ಪ್ರತಿ ಗೋಡೆಯ ಫೋಟೊ ಮೊಬೈಲಿನಲ್ಲಿ ತೆಗೆದು ಇಬ್ಬರೂ ಇಟ್ಟುಕೊಂಡರೆ ಬಿಡುವ ದಿನ ಮಾತಿಗೆ ಜಾಗವಿಲ್ಲ. ಮೇಲ್ಮಹಡಿಯ ಮನೆ ಇಲ್ಲಿ ಯಾಕೆ ಬೇಗ ಖಾಲಿಯಾಗುತ್ತದೆ ಎಂದು ಕೇಳುವವರು ಮೇ ತಿಂಗಳ ಮಧ್ಯಾಹ್ನ ಆ ಸ್ಲ್ಯಾಬಿನ ಕೆಳಗೆ ಒಂದು ತಾಸು ಕೂತು ನೋಡಲಿ. ಮಾಳಿಗೆಗೆ ಬಿಳಿ ಸುಣ್ಣ ಹೊಡೆಸಿದರೂ ಎಷ್ಟೋ ತಣ್ಣಗಾಗುತ್ತದೆ. ಅದಕ್ಕೆ ಹೋಗುವುದು ಸ್ವಲ್ಪವೇ ದುಡ್ಡು.

ಈಗ ಯಾರೂ ಬರಹದಲ್ಲಿ ಹೇಳದ, ಎಲ್ಲರೂ ಬಾಗಿಲಲ್ಲಿ ಕೇಳುವ ಪ್ರಶ್ನೆಗೆ ಬರೋಣ.

‘ಮನಿ ಖಾಲಿ ಅದ ಏನ್ರಿ?’

‘ಅದ, ಬರ್ರಿ. ಯಾವೂರ್ರಿ ನಿಮ್ದು? ಅಡ್ಡೆಸರೇನ್ರಿ?’

ಅಡ್ಡಹೆಸರು ಕೇಳುವುದು ಪರಿಚಯಕ್ಕಲ್ಲ ಎಂದು ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ಉತ್ತರ ಕೇಳಿದ ಮೇಲೆ ‘ನಮ್ಮ ಹುಡುಗ ಪುಣೆಯಿಂದ ಬರ್ತಾನಂತ, ಅವಗ ಬೇಕಾಗ್ತದ’ ಎಂಬ ಮಾತು ಬಂದರೆ, ಖಾಲಿ ಮನೆ ಖಾಲಿಯೇ ಉಳಿಯುತ್ತದೆ. ತಪ್ಪದೆ ಪಗಾರ ಬರುವ, ಐದನೇ ತಾರೀಖಿಗೆ ಬಾಡಿಗೆ ಕೊಡಬಲ್ಲ ದಲಿತ ಶಿಕ್ಷಕರು, ಮುಸ್ಲಿಂ ನರ್ಸುಗಳು ಊರಲ್ಲಿ ಮನೆ ಸಿಗದೆ ಇಂಡಿಯಿಂದಲೋ ವಿಜಯಪುರದಿಂದಲೋ ದಿನಾ ಬಸ್ಸಿನಲ್ಲಿ ಓಡಾಡುತ್ತಾರೆ. ಒಂಟಿ ಹೆಣ್ಣುಮಗಳಾದರೆ ಪ್ರಶ್ನೆಗಳು ಇನ್ನಷ್ಟು. ಮದುವೆಯಾಗದ ಹುಡುಗರಾದರೆ ಬಾಗಿಲೇ ತೆರೆಯುವುದಿಲ್ಲ. ಮಾಂಸದಡುಗೆಯ ಕರಾರು ಬೇರೆ. ಬಸವಣ್ಣ ಹುಟ್ಟಿದ ಬಾಗೇವಾಡಿ ಇದೇ ಜಿಲ್ಲೆಯಲ್ಲಿದೆ. ಬಸವ ಜಯಂತಿಗೆ ಕ್ರಾಸಿನಲ್ಲಿ ಕಮಾನು ಕಟ್ಟುವವರೇ ಮಾರನೇ ದಿನ ಅಡ್ಡೆಸರು ಕೇಳುತ್ತಾರೆ.

ಅಸ್ಪೃಶ್ಯತೆಯ ಕಾರಣಕ್ಕೆ ಒಬ್ಬರು ಯಾವುದೇ ಬಡಾವಣೆಯಲ್ಲಿ ವಾಸದ ಮನೆ ಹಿಡಿಯುವುದಕ್ಕೆ ಅಡ್ಡಿ ಮಾಡುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕಾನೂನಿನ ಮಾತು ಹಾಗಿರಲಿ, ನ್ಯಾಯದ ಮಾತೂ ಹಾಗಿರಲಿ. ಬರೀ ದುಡ್ಡಿನ ಲೆಕ್ಕಕ್ಕೇ ಬನ್ನಿ. ಈ ಸಣ್ಣ ಊರಿನಲ್ಲಿ ವರ್ಷಕ್ಕೆ ಹೊಸದಾಗಿ ಮನೆ ಕೇಳಿ ಬರುವವರೇ ಕೆಲವರು. ಅವರಲ್ಲಿ ಅರ್ಧದಷ್ಟು ಮಂದಿಯನ್ನು ಹೆಸರು ಕೇಳಿಯೇ ವಾಪಸು ಕಳಿಸಿದ ಮಾಲಕ, ಮನೆ ಹೋಗುತ್ತಿಲ್ಲ, ಊರು ಕೆಟ್ಟಿತು ಎಂದು ಗೋಳಾಡುವುದರಲ್ಲಿ ಅರ್ಥವಿಲ್ಲ. ಬಾಡಿಗೆದಾರನಿಗೆ ಕೇಳಬೇಕಾದದ್ದು ಮೂರೇ. ಎಲ್ಲಿ ಕೆಲಸ, ಎಷ್ಟು ಮಂದಿ ಇರುತ್ತೀರಿ, ಹಿಂದೆ ಯಾರ ಮನೆಯಲ್ಲಿದ್ದಿರಿ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಹಳೆಯ ಮಾಲಕರಿಗೆ ಒಂದು ಫೋನು ಮಾಡಿದರೆ ಯಾವ ಅಡ್ಡಹೆಸರೂ ಹೇಳದ ಸಂಗತಿ ತಿಳಿಯುತ್ತದೆ.

ಬೇಡಿಕೆ ಏರುವುದೂ ಇಳಿಯುವುದೂ ಮಾಲಕನ ಕೈಯಲ್ಲಿಲ್ಲ. ಇದೇ ಜಿಲ್ಲೆಯ ಕೂಡಗಿಯಲ್ಲಿ ಎನ್‌ಟಿಪಿಸಿಯ 2,400 ಮೆಗಾವಾಟ್ ವಿದ್ಯುತ್ ಸ್ಥಾವರ ಕಟ್ಟುವಾಗ ಸುತ್ತಲಿನ ಹಳ್ಳಿಗಳಿಗೆ ದೇಶದ ಮೂಲೆಮೂಲೆಯ ಕೆಲಸಗಾರರು ಬಂದರು. 800 ಮೆಗಾವಾಟಿನ ಮೂರು ಘಟಕಗಳು 2017–18ರಲ್ಲಿ ಒಂದೊಂದಾಗಿ ಶುರುವಾದವು. ಕಟ್ಟುವ ಕೆಲಸ ಮುಗಿಯಿತು, ಕಟ್ಟಿದವರು ಹೊರಟರು. ನಡೆಸುವುದಕ್ಕೆ ಅಷ್ಟು ಮಂದಿ ಬೇಡ, ಇದ್ದವರಿಗೆ ಕಂಪನಿಯ ವಸತಿ. ಯೋಜನೆ ನಡೆದಷ್ಟು ದಿನದ ಬಾಡಿಗೆ ನೋಡಿ ಜೀವಮಾನದ ಮನೆ ಕಟ್ಟಿಸುವುದು ಅಪಾಯ ಎಂಬುದಕ್ಕೆ ಜಿಲ್ಲೆಯೊಳಗೇ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ಝಳಕಿಯ ಆಧಾರ ಅಂಥ ಒಂದೇ ಯೋಜನೆಯಲ್ಲ, ರಸ್ತೆ. 2023ರಲ್ಲಿ ಇಂಡಿ ಲಿಂಬೆಗೆ ಭೌಗೋಳಿಕ ಸೂಚಿ ಸಿಕ್ಕಿದೆ, ಚಡಚಣ ಈಗ ತಾಲ್ಲೂಕು ಕೇಂದ್ರ. ಬರುವ ಹೋಗುವ ಮಂದಿ ಒಂದೇ ಸಲಕ್ಕೆ ನಿಲ್ಲುವುದಿಲ್ಲ. ಆದರೆ ಒಂದೇ ಸಲಕ್ಕೆ ಉಕ್ಕುವುದೂ ಇಲ್ಲ.

ಊರಲ್ಲಿಲ್ಲದ ಮಾಲಕರದು ಬೇರೆಯೇ ಪಾಡು. ಪುಣೆ, ಸೊಲ್ಲಾಪುರ, ಬೆಂಗಳೂರಿನಲ್ಲಿ ಕೆಲಸ, ಅಪ್ಪ ಕಟ್ಟಿಸಿದ ಮನೆ ಝಳಕಿಯಲ್ಲಿ. ಅಣ್ಣನೋ ಭಾವನೋ ನೋಡಿಕೊಳ್ಳುತ್ತಾರೆ ಎಂದು ಬಿಟ್ಟರೆ ಎರಡು ವರ್ಷದಲ್ಲಿ ಮನೆಯೂ ಹಾಳು, ಸಂಬಂಧವೂ ಹಾಳು. ಸಂಬಂಧಿಕರಿಗೆ ಪುಕ್ಕಟೆ ಕೆಲಸ ಹೇಳಬೇಡಿ. ತಿಂಗಳ ಬಾಡಿಗೆಯಲ್ಲಿ ಇಂತಿಷ್ಟು ನಿಮ್ಮದು ಎಂದು ಕೊಡಿ, ಬಾಡಿಗೆ ಮಾತ್ರ ನೇರ ನಿಮ್ಮ ಖಾತೆಗೆ ಬರಲಿ. ಪಂಚಾಯಿತಿ ಕರವನ್ನು ವರ್ಷ ವರ್ಷ ತುಂಬಿ, ಇ-ಸ್ವತ್ತಿನ 9 ಮತ್ತು 11ನೇ ನಮೂನೆ ತೆಗೆದಿಡಿ. ಅಪ್ಪನ ಹೆಸರಿನಲ್ಲೇ ಇದ್ದರೆ ಮೊದಲು ವಾರಸಾ ಮಾಡಿಸಿ. ಬಾಡಿಗೆಯ ವರಮಾನವನ್ನು ತೆರಿಗೆಯ ಲೆಕ್ಕದಲ್ಲಿ ತೋರಿಸಿದರೆ ದುರಸ್ತಿಗೆಂದು ಶೇಕಡ 30 ನೇರವಾಗಿ ಕಳೆಯುತ್ತಾರೆ, ಬಿಲ್ಲು ಕೇಳುವುದಿಲ್ಲ. ಅದನ್ನು ಮುಚ್ಚಿಡುವುದಕ್ಕೆ ಕಾರಣವೇ ಇಲ್ಲ.

ಕೊನೆಗೆ ಒಂದು ಬೇಡಿಕೆ ಇರುವುದು ಮಾಲಕರಿಗಲ್ಲ, ಪಂಚಾಯಿತಿಗಳಿಗೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಕಡೆಯ ಹೆದ್ದಾರಿ ಊರುಗಳಲ್ಲೆಲ್ಲ ಬಾಡಿಗೆ ಮನೆ ಬಂದಿವೆ, ಬರುತ್ತಲೇ ಇವೆ. ಕನ್ನಡದಲ್ಲಿ ಒಂದು ಪುಟದ ಬಾಡಿಗೆ ಕರಾರಿನ ನಮೂನೆ, ಮನೆ ಬಿಡುವ ದಿನ ನೋಡಬೇಕಾದ ಮೀಟರು, ಆಧಾರ್, ಡಿಪಾಜಿಟ್ಟಿನ ಪಟ್ಟಿ, ಇಷ್ಟನ್ನು ಅಚ್ಚು ಹಾಕಿಸಿ ಪಂಚಾಯಿತಿ ಕಚೇರಿಯಲ್ಲೂ ಗ್ರಾಮ ಒನ್ ಕೇಂದ್ರದಲ್ಲೂ ಇಡಲಿ. ಮೇ ತಿಂಗಳಲ್ಲಿ ಮನೆ ಬದಲಾಗುವ ಹೊತ್ತಿಗೆ ಅದು ಸಿಗುವಂತಿರಲಿ.